ತಂಬೂರಿ ಮರಿ

ಹನ್ನೆರಡು ಉಕುಲೇಲೆಗಳನ್ನು ಎರಡು ದೊಡ್ಡ ಚೀಲಕ್ಕೆ ತುಂಬಿಕೊಂಡು ಮೈಸೂರಿನಲ್ಲಿ ಪಾಂಡವಪುರದ ಬಸ್ ಹತ್ತಿದೆ. ಕಂಡಕ್ಟರ್ ನನ್ನನ್ನು ಒಂದು ಸಲ, ಚೀಲಗಳನ್ನು ಒಂದು ಸಲ ನೋಡಿದರು.

"ಏನ್ ಮೇಡಂ ಇದು, ಪಿಟೀಲಾ?"

"ಅಲ್ಲ, ಉಕುಲೇಲೆ."

"ಏನೋ ಒಂದು. ನಿಮಗೆ ಫ್ರೀ, ಇವಕ್ಕಿಲ್ಲ" ಅಂತ ಲಗೇಜ್ ಟಿಕೆಟ್ ಹರಿದು ಕೊಟ್ಟರು. ಎರಡು ವರ್ಷದ ಹಿಂದಿನ ಮಾತು. ಆ ಟಿಕೆಟ್ಟು ಇನ್ನೂ ನನ್ನ ಪರ್ಸಿನಲ್ಲಿದೆ. ಯಾಕೆ ಇಟ್ಟುಕೊಂಡಿದ್ದೇನೋ ಗೊತ್ತಿಲ್ಲ, ಸುಮ್ನೆ ಇದೆ.

ನಾನು ಸಂಗೀತದ ಟೀಚರ್ ಅಲ್ಲ. ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದನೇ ಕ್ಲಾಸಿಗೆ ಕನ್ನಡ ಮತ್ತು ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಸಂಗೀತಕ್ಕೆ ಅಂತ ಬೇರೆ ಟೀಚರ್ ನಮ್ಮಂಥ ಶಾಲೆಗೆ ಎಲ್ಲಿ ಬರಬೇಕು? ಯಾರಿಗೆ ಸ್ವಲ್ಪ ಹಾಡು ಬರುತ್ತೋ ಅವರ ತಲೆಗೆ ಆ ಪೀರಿಯಡ್ಡು. ನನಗೆ ಬರುತ್ತೆ ಅಂತ ಹೇಗೋ ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಆರು ವರ್ಷ ವೀಣೆ ಕಲಿತಿದ್ದೆ. ಜೂನಿಯರ್ ಪರೀಕ್ಷೆ ಪಾಸಾಗಿ, ಸೀನಿಯರ್ ಅರ್ಧಕ್ಕೆ ಬಿಟ್ಟವಳು. ಅಷ್ಟು ಸಾಕಾಯಿತು.

ಹಾಡಿನ ವಿಷಯದಲ್ಲಿ ನನಗೊಂದು ಹಳೇ ಬೇಜಾರಿತ್ತು. ನಮ್ಮಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ-ಕಲಿ. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲೇ ಶುರುವಾದದ್ದು ಅದು. ಅಲ್ಲಿ ಬೆಳಗ್ಗಿಂದ ಹಾಡು, ಕುಣಿತ, ಚಪ್ಪಾಳೆ. ಅದೇ ಮಕ್ಕಳು ನಾಲ್ಕನೇ ಕ್ಲಾಸಿಗೆ ಬಂದ ತಕ್ಷಣ ಬೆಂಚಿನ ಮೇಲೆ ಕೂರುತ್ತಾರೆ, ಪಾಠ ಬರೆಯುತ್ತಾರೆ, ಹಾಡು ನಿಂತುಹೋಗುತ್ತೆ. ಗಂಡು ಹುಡುಗರಂತೂ ಬಾಯಿಗೆ ಬೀಗ. ಶ್ರುತಿ ಪೆಟ್ಟಿಗೆ ಹಾಕಿ ನಾನು ಹೇಳೋದು, ಮುಂದಿನ ಎರಡು ಸಾಲು ಒಪ್ಪಿಸೋದು, ಹಿಂದಿನ ಸಾಲಿನವರು ಕಿಟಕಿಯಾಚೆ ಟ್ರಾಕ್ಟರ್ ಎಣಿಸೋದು. ನನ್ನ ಸಂಗೀತದ ಪೀರಿಯಡ್ಡು ಅಂದರೆ ಅಷ್ಟೇ ಆಗಿತ್ತು.

ಕೈಗೆ ಏನಾದರೂ ಕೊಟ್ಟರೆ ಹೇಗೆ ಅಂತ ಬಹಳ ದಿನ ಯೋಚನೆ ಮಾಡಿದೆ. ವೀಣೆ ಆಗದ ಮಾತು. ನಾಲ್ಕಡಿ ಉದ್ದ, ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲು, ಏಳು ತಂತಿ. ಒಂದು ವೀಣೆಯ ದುಡ್ಡಿಗೆ ಶಾಲೆಗೆ ಸುಣ್ಣ ಬಣ್ಣ ಆಗುತ್ತೆ. ಕೊಳಲು ನೋಡಿದೆ. ಊದಿದ ಮೊದಲ ವಾರ ಅರ್ಧ ಜನಕ್ಕೆ ಸದ್ದೇ ಬರಲಿಲ್ಲ, ಮೇಲಾಗಿ ಕೊಳಲು ಊದುವವನು ಹಾಡೋದು ಹೇಗೆ? ಹೀಗಿರುವಾಗ ಅಕ್ಕನ ಮಗ ದಸರಾ ರಜೆಗೆ ಬೆಂಗಳೂರಿಂದ ಬಂದವನು ಒಂದು ಪುಟ್ಟ ಗಿಟಾರಿನಂಥದ್ದನ್ನು ನಮ್ಮ ಮನೆ ಸೋಫಾ ಮೇಲೆ ಬಿಟ್ಟು ಹೋದ. ಒಂದು ರಾತ್ರಿ ಸುಮ್ನೆ ತೊಡೆ ಮೇಲೆ ಇಟ್ಟುಕೊಂಡು ಮೀಟಿದೆ. ಅದೇ ಉಕುಲೇಲೆ. ನಾಲ್ಕೇ ತಂತಿ, ಅದೂ ನೈಲಾನು. ಬೆರಳು ಕೊಯ್ಯಲ್ಲ. ಇಡೀ ವಾದ್ಯ 21 ಇಂಚು. ಒಂಬತ್ತು ವರ್ಷದ ಮಗುವಿನ ಕೈಗೆ ಅಳತೆ ತೆಗೆದು ಮಾಡಿಸಿದ ಹಾಗಿತ್ತು.

ಇದು ನನ್ನ ತಲೆಗೆ ಮೊದಲು ಹೊಳೆದ ಬುದ್ಧಿ ಏನಲ್ಲ ಬಿಡಿ. ಕೆನಡಾದ ಹ್ಯಾಲಿಫ್ಯಾಕ್ಸ್ ಊರಿನ ಶಾಲೆಗಳಲ್ಲಿ ಚಾಮರ್ಸ್ ಡೋನ್ ಅನ್ನುವವರು 1960ರ ದಶಕದಲ್ಲೇ ಉಕುಲೇಲೆ ಹಿಡಿಸಿ ಸಂಗೀತ ಕಲಿಸಲು ಶುರುಮಾಡಿದ್ದರು. ಅಲ್ಲಿಂದ ಅದು ಆ ದೇಶದ ಬೇರೆ ಶಾಲೆಗಳಿಗೂ ಹಬ್ಬಿತು. ಇದನ್ನು ನಮ್ಮ ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪ್ರತಿಭಾ ಕಾರಂಜಿಗೆ ಏನಾದ್ರೂ ಉಪಯೋಗಕ್ಕೆ ಬರುತ್ತಾ?" ಬರುತ್ತೆ ಸರ್ ಅಂದೆ. ಸುಳ್ಳೇ.

ಹಳೇ ವಿದ್ಯಾರ್ಥಿಗಳು 15,000 ರೂಪಾಯಿ ಕೂಡಿಸಿ ಕೊಟ್ಟರು. ಒಂದಕ್ಕೆ 1,650ರಂತೆ ಹನ್ನೆರಡಕ್ಕೆ 19,800. ಉಳಿದದ್ದು ನಾನು ಹಾಕಿದೆ. ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ್ದರಲ್ಲಿ ಒಂದರ ಕುದುರೆ, ಅಂದರೆ ತಂತಿಗಳನ್ನು ಹೊರುವ ಮರದ ತುಂಡು, ಎದ್ದು ಬಂದಿತ್ತು, ಇನ್ನೊಂದರಲ್ಲಿ ತಂತಿ ಬಿಗಿಸುವ ಬಿರಡೆ ನಿಲ್ಲುತ್ತಲೇ ಇರಲಿಲ್ಲ. ವಾಪಸ್ ತಗೊಳ್ಳಿ ಅಂದರೆ ಹತ್ತು ದಿನ ದಾಟಿದೆ ಅಂದರು. ಕುದುರೆಯನ್ನು ನಮ್ಮ ಬೀದಿಯ ಬಡಗಿ ಅಂಟು ಹಾಕಿ, ಹಗ್ಗ ಬಿಗಿದು, ಒಂದು ದಿನ ಇಟ್ಟು ಸರಿಮಾಡಿ ಕೊಟ್ಟ. ಬಿರಡೆ ಸರಿಹೋಗಲಿಲ್ಲ. ಎಲ್ಲಕ್ಕೂ ಹಿಂದೆ ಮಾರ್ಕರಿನಲ್ಲಿ ನಂಬರ್ ಬರೆದಿದ್ದೆ. ಆ ಬಿರಡೆಯದ್ದು ಏಳನೇ ನಂಬರು. ಅದರ ವಿಷಯ ಆಮೇಲೆ ಬರುತ್ತೆ.

ಮೊದಲ ದಿನ ಹೆಸರೇ ಅರ್ಧ ಪೀರಿಯಡ್ ತಿಂದಿತು. ಬೋರ್ಡಿನ ಮೇಲೆ ಉ-ಕು-ಲೇ-ಲೆ ಅಂತ ಬರೆದೆ. "ಉಕ್ಕು ಲೇ ಲೇ" ಅಂತ ಒಬ್ಬ ಓದಿದ. ಇನ್ನೊಬ್ಬ ಅದನ್ನೇ ಹಾಲು ಉಕ್ಕುವಂತೆ ಅಭಿನಯ ಮಾಡಿ ತೋರಿಸಿದ. ಹವಾಯಿ ಭಾಷೆಯಲ್ಲಿ ಉಕು ಅಂದರೆ ಚಿಗಟ, ಲೇಲೆ ಅಂದರೆ ನೆಗೆಯೋದು, ತಂತಿ ಮೇಲೆ ಬೆರಳು ನೆಗೆಯುವುದನ್ನು ನೋಡಿ ಆ ಹೆಸರು ಬಂತು ಅಂತಾರೆ, ಅಂದೆ. ಅಲ್ಲಿ ತಲೆಹೇನಿಗೂ ಅದೇ ಮಾತು ಅಂತ ಬೇರೆ ಹೇಳಿಬಿಟ್ಟೆ. ಮುಗಿಯಿತು. ಮೂವತ್ತೊಂದು ಮಕ್ಕಳು ಪಕ್ಕದವರ ತಲೆ ನೋಡಲು ಶುರುಮಾಡಿದರು.

ಆ ಗಲಾಟೆ ನಿಲ್ಲಿಸೋಕೆ ಅಂತ ಕತೆ ಹೇಳಿದೆ. 1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರ್ಯಾಗ್ ಅನ್ನುವ ಹಡಗು ಹೊನೊಲುಲುಗೆ ಬಂತು. ಅದರಲ್ಲಿ ಪೋರ್ಚುಗಲ್ಲಿನ ಮಡೈರಾ ದ್ವೀಪದ ನಾನೂರಕ್ಕೂ ಜಾಸ್ತಿ ಜನ. ಹವಾಯಿಯ ಕಬ್ಬಿನ ತೋಟದಲ್ಲಿ ಕೂಲಿಗೆ ಬಂದವರು. ಅವರ ಊರಲ್ಲಿ ನಾಲ್ಕು ತಂತಿಯ ಒಂದು ಪುಟ್ಟ ವಾದ್ಯ ಇತ್ತು, ಅದನ್ನೂ ಜೊತೆಗೆ ತಂದಿದ್ದರು. ಅದೇ ಹಡಗಿನಲ್ಲಿ ಮರಗೆಲಸದ ಮೂವರಿದ್ದರು: ಮ್ಯಾನುಯೆಲ್ ನೂನೆಸ್, ಅಗುಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ. ತೋಟದ ಕೆಲಸದ ಕರಾರು ಮುಗಿದ ಮೇಲೆ ಹೊನೊಲುಲು ಊರಿಗೆ ಬಂದು ಅಂಗಡಿ ಹಾಕಿದರು. ಅಲ್ಲಿಯ ಕೋವಾ ಮರದಲ್ಲಿ ಈ ವಾದ್ಯ ಮಾಡಿ ಮಾರಿದರು. ಕೋವಾ ಅಂದರೆ ನಮ್ಮ ನಾಲೆ ಏರಿ ಮೇಲಿರುವ ಜಾಲಿಯ ನೆಂಟರ ಪೈಕಿ. ಆ ದೇಶದ ರಾಜ ಕಲಾಕೌವಾಗೆ ಇದು ಇಷ್ಟವಾಗಿ ಅರಮನೆಯಲ್ಲೂ ನುಡಿಸಿದರು.

ರಾಜ, ಅರಮನೆ ಎಲ್ಲ ಮಕ್ಕಳ ಕಿವಿಗೇ ಬೀಳಲಿಲ್ಲ. ಕಬ್ಬು ಅಂದ ತಕ್ಷಣ ಎಲ್ಲರೂ ನೆಟ್ಟಗೆ ಕೂತಿದ್ದರು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದಾಗಿಂದ ನಮ್ಮ ಕಡೆಯ ಮನೆಗಳ ಲೆಕ್ಕವೆಲ್ಲ ಕಬ್ಬಿನ ಮೇಲೇ ಅಲ್ವಾ.

"ಅವ್ರೂ ಕಬ್ಬು ಕಡೀತಿದ್ರಾ ಮಿಸ್?"

"ಹೂಂ, ಕಡೀತಿದ್ರು."

ಹಿಂದಿನ ಬೆಂಚಿನಿಂದ ಇನ್ನೊಂದು ದನಿ: "ಟನ್ನಿಗೆ ಎಷ್ಟ್ ಕೊಡ್ತಿದ್ರು ಮಿಸ್?"

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಆ ಹೊತ್ತಿನಿಂದ ಉಕುಲೇಲೆ ಅವರಿಗೆ ಫಾರಿನ್ ಸಾಮಾನು ಆಗಿ ಉಳಿಯಲಿಲ್ಲ. ಕಬ್ಬು ಕಡಿದವರ ವಾದ್ಯ ಆಯಿತು.

ಇನ್ನು ಶ್ರುತಿಯ ಪಾಡು. ಹನ್ನೆರಡು ವಾದ್ಯ ಅಂದರೆ 48 ತಂತಿ. ಹೊಸ ನೈಲಾನ್ ತಂತಿ ಮೊದಲ ಎರಡು ಮೂರು ವಾರ ಎಳೆದುಕೊಳ್ಳುತ್ತಲೇ ಇರುತ್ತೆ. ಈಗ ಸರಿ ಮಾಡಿದರೆ ಹತ್ತು ನಿಮಿಷಕ್ಕೆ ಇಳಿದಿರುತ್ತೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಇಪ್ಪತ್ತೈದು ನಿಮಿಷ ನಾನು ಬಿರಡೆ ತಿರುಗಿಸುತ್ತಾ ಕೂರುತ್ತಿದ್ದೆ. ಮೊಬೈಲಿನ ಆ್ಯಪು ಇಟ್ಟೆ. ಮೂವತ್ತೊಂದು ಮಕ್ಕಳ ಗದ್ದಲದಲ್ಲಿ ಅದರ ಸೂಜಿ ಹುಚ್ಚು ಹಿಡಿದಂತೆ ಆಡುತ್ತಿತ್ತು. ವಾದ್ಯದ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ತಂದೆ. ಅದು ಗಾಳಿಯ ಸದ್ದು ಹಿಡಿಯಲ್ಲ, ಮರದ ನಡುಕ ಹಿಡಿಯುತ್ತೆ, ಹಾಗಾಗಿ ಕೆಲಸ ಆಯಿತು. ಆದರೂ 48 ತಂತಿ 48 ತಂತಿಯೇ. ಮೂರನೇ ವಾರ, ಎಲ್ಲವನ್ನೂ ಕಟ್ಟಿ ಅಕ್ಕನ ಮಗನಿಗೇ ಕೊಟ್ಟುಬಿಡೋಣ ಅನ್ನಿಸಿತ್ತು.

ಆ ದಿನ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ನನ್ನ ಮೇಜಿನ ಹತ್ತಿರ ಬಂದು ನಿಂತ. ಅಲ್ಲಿಯವರೆಗೆ ನನ್ನ ಮುಂದೆ ಒಂದು ಸಾಲೂ ಹಾಡದವನು. ಅವನ ಅಪ್ಪ ಆಲೆಮನೆಯಲ್ಲಿ ಪಾಕ ನೋಡುವ ಕೆಲಸದವರು. "ಮಿಸ್, ನಾನ್ ತಿರುಗಿಸ್ಲಾ?" ಅಂದ. ತಿರುಗಿಸು ಮಾರಾಯ ಅಂದೆ, ಸುಸ್ತಾಗಿತ್ತು.

ಶ್ರುತಿ ಪೆಟ್ಟಿಗೆಯ ಕಡೆ ತಲೆ ವಾಲಿಸಿದ. ತಂತಿ ಮೀಟಿದ. ಬಿರಡೆಯನ್ನು ನಾನು ತಿರುಗಿಸುವ ಹಾಗೆ ಒಂದೇ ಸಲ ತಿರುಗಿಸಲಿಲ್ಲ. ಅಕ್ಕಿ ಕಾಳಿನಷ್ಟು ತಿರುಗಿಸಿ ನಿಲ್ಲಿಸುತ್ತಿದ್ದ. ಮತ್ತೆ ಮೀಟಿ, ಆ ಸದ್ದು ಪೂರ್ತಿ ಸಾಯುವವರೆಗೆ ಕಾಯುತ್ತಿದ್ದ. ನಾಲಿಗೆ ತುದಿ ತುಟಿಯ ಮೂಲೆಯಿಂದ ಹೊರಗೆ ಬಂದಿತ್ತು. ಎರಡು ಸ್ವರ ಹತ್ತಿರ ಬಂದಾಗ ನಡುವೆ ಒಂದು ಅಲೆ ಏಳುತ್ತೆ, ವ್ವಾಂ ವ್ವಾಂ ಅಂತ. ಹತ್ತಿರ ಆದಷ್ಟೂ ಅಲೆ ನಿಧಾನ ಆಗುತ್ತೆ, ಸೇರಿದಾಗ ನಿಂತೇಹೋಗುತ್ತೆ. ಇದನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಅಲೆ ನಿಂತ ಕೂಡಲೇ ಬಿರಡೆಯಿಂದ ಕೈ ತೆಗೆದು ಅಂದ:

"ಹದ ಬಂತು ಮಿಸ್."

ಕ್ಲಿಪ್ ಹಾಕಿ ನೋಡಿದೆ. ಹಸಿರು ದೀಪ.

ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ಹೀಗೇ ನೋಡೋದು. ಕುದಿಯುವ ಗುಳ್ಳೆಯ ಆಟ, ಸದ್ದು, ವಾಸನೆ. ಚೂರು ಪಾಕ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತಾ ಅಂತ ನೋಡಿ, ಆಮೇಲೆ ಕೊಪ್ಪರಿಗೆ ಇಳಿಸೋದು. ಗಡಿಯಾರ ನೋಡಿ ಯಾರೂ ಇಳಿಸಲ್ಲ. ಆರು ವರ್ಷ ವೀಣೆ ಕಲಿತ ನಾನು ಶ್ರುತಿಗೆ ಹದ ಅನ್ನುವ ಮಾತನ್ನು ಯಾವತ್ತೂ ಬಳಸಿರಲಿಲ್ಲ. ಅಂದಿನಿಂದ ನಮ್ಮ ಕ್ಲಾಸಿನಲ್ಲಿ ಅದೇ ಮಾತು. "ಹದ ಇಲ್ಲ", "ಹದ ಮೀರ್ತು", "ಇನ್ನೊಂಚೂರು, ಹದಕ್ಕೆ ಬರ್ತಾ ಐತೆ."

ಹದ ಮೀರಿದರೆ ಏನು ಮಾಡಬೇಕು ಅಂತಲೂ ಅವನಿಗೆ ತೋರಿಸಿದೆ. ತಂತಿಯನ್ನು ಪೂರ್ತಿ ಕೆಳಗೆ ಇಳಿಸಿ, ಮತ್ತೆ ಕೆಳಗಿಂದ ಮೇಲಕ್ಕೇ ಬರಬೇಕು. ಮೇಲಿಂದ ಇಳಿಸಿ ನಿಲ್ಲಿಸಿದ ತಂತಿ ಆಮೇಲೆ ಜಾರುತ್ತೆ. ಅವನು ಒಂದು ನಿಮಿಷ ಸುಮ್ಮನಿದ್ದು ಹೇಳಿದ, "ಪಾಕ ಮೀರಿದ್ರೆ ಕೆಟ್ಟೋಯ್ತದೆ ಮಿಸ್. ಇದು ವಾಪಸ್ ಬರ್ತದೆ." ಅದು ಅವನಿಗೆ ದೊಡ್ಡ ಸಮಾಧಾನದ ವಿಷಯ ಅನ್ನಿಸಿರಬೇಕು. ಅಪ್ಪನ ಕೆಲಸದಲ್ಲಿ ಆ ಅನುಕೂಲ ಇಲ್ಲ.

ನಾನು ಬಿರಡೆ ಮುಟ್ಟೋದು ಬಿಟ್ಟೆ. ಪೀರಿಯಡ್ಡಿನ ಮೊದಲ ಹದಿನೈದು ನಿಮಿಷ ಮಕ್ಕಳದ್ದು. ಸಂಗೀತ ಶುರುವಾಗುವ ಮುಂಚಿನ ತಯಾರಿ ಅಂತ ನಾನು ಬಯ್ಯುತ್ತಾ ಇದ್ದೆನಲ್ಲ, ಕೇಳುವ ಪಾಠ ಆದದ್ದೆಲ್ಲ ಅಲ್ಲೇ. ಒಂದು ತಿಂಗಳಲ್ಲಿ ಹಾಡುವಾಗ ಅಪಸ್ವರ ಕಮ್ಮಿ ಆಯಿತು. ನಾನು ತಿದ್ದಿದ್ದರಿಂದ ಅಲ್ಲ. ಪಕ್ಕದವನ ತಂತಿ ಇಳಿದಿದೆ ಅಂತ ಜಗಳ ಆಡುವ ಕಿವಿಗೆ ತನ್ನ ಗಂಟಲು ಇಳಿದದ್ದೂ ಕೇಳಿಸುತ್ತೆ.

ಉಕುಲೇಲೆಯ ತಂತಿಗಳ ಜೋಡಣೆ ಸ್ವಲ್ಪ ವಿಚಿತ್ರ. ದಪ್ಪದಿಂದ ಸಣ್ಣಕ್ಕೆ ಸಾಲಾಗಿ ಹೋಗಲ್ಲ. ಗಲ್ಲದ ಕಡೆಯ ಮೊದಲ ತಂತಿಯೇ ಎತ್ತರ, ಎರಡನೆಯದು ಎಲ್ಲಕ್ಕಿಂತ ತಗ್ಗು, ಆಮೇಲೆ ಮೇಲಕ್ಕೆ ಎರಡು ಮೆಟ್ಟಿಲು. ಇಂಗ್ಲಿಷಿನವರು ಈ ನಾಲ್ಕು ಸ್ವರ ನೆನಪಿಡೋಕೆ "ನನ್ನ ನಾಯಿಗೆ ಚಿಗಟ ಇದೆ" ಅನ್ನುವ ಅರ್ಥದ ನಾಲ್ಕು ಪದ ಹಾಡಿಕೊಳ್ಳುತ್ತಾರೆ. ನಾನು ಕನ್ನಡಕ್ಕೆ ತಂದೆ: ನಾಯ್-ಗೆ-ಹೇ-ನು. ನಾಲ್ಕು ತಂತಿಗೆ ಸರಿಯಾಗಿ ನಾಲ್ಕು ಅಕ್ಷರ. ಮೂವತ್ತೊಂದು ಮಕ್ಕಳು ಕಿರುಚಿ ಹಾಡುತ್ತಿರುವಾಗ ಕ್ಲಸ್ಟರ್ ಮೀಟಿಂಗಿಗೆ ಬಂದವರನ್ನು ಕರೆದುಕೊಂಡು ಹೆಡ್‌ಮಾಸ್ಟರು ವರಾಂಡದಲ್ಲಿ ಹಾದುಹೋದರು. ಸಂಜೆ ಕರೆದು, "ಮೇಡಂ, ಹೇನು ಬಿಟ್ಟು ಬೇರೆ ಏನಾದ್ರೂ ಇಲ್ವಾ?" ಅಂದರು. ಮಕ್ಕಳೇ ಬದಲು ಹುಡುಕಿದರು: ಕಬ್-ತಿನ್-ಬಾ-ರೋ. ಹೆಡ್‌ಮಾಸ್ಟರು ಹತ್ತಿರ ಇಲ್ಲದಾಗ ಹೇನೇ.

ಈಗ ನನ್ನ ತಪ್ಪಿನ ವಿಷಯ. ಮೊದಲಿಗೆ ನಾನು ಕಲಿತ ಹಾಗೇ ಕಲಿಸಲು ಹೊರಟಿದ್ದೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಪಾಠ. ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ಎಲ್ಲರೂ ಅಲ್ಲಿಂದಲೇ ಶುರುಮಾಡೋದು. ಹಾಡೋಕೆ, ವೀಣೆಗೆ ಅದು ಸರಿ. ಈ ಪುಟ್ಟ ವಾದ್ಯದ ಮೇಲೆ ಆ ಏಳು ಸ್ವರಕ್ಕೆ ಮಕ್ಕಳ ಬೆರಳು ಕಂಗಾಲಾದವು. ರಿ ಮೊದಲನೇ ಮನೆ, ಗ ಖಾಲಿ ತಂತಿ, ಮ ಮತ್ತೆ ಮೊದಲನೇ ಮನೆ, ದ ನಾಲ್ಕನೇ ಮನೆ. ಎರಡು ಮೆಟ್ಟಿಲ ನಡುವಿನ ಜಾಗಕ್ಕೆ ಮನೆ ಅನ್ನೋದು ಮಕ್ಕಳ ಮಾತು, ಚೌಕಾಬಾರದಿಂದ ಬಂದದ್ದು. ಮೆಟ್ಟಿಲಿಗೆ ಗೋಡೆ ಅಂತಾರೆ. "ಗೋಡೆ ಮೇಲೆ ಇಡಬೇಡ, ಗೋಡೆ ಪಕ್ಕ ಇಡು."

ಒಂದು ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಒಬ್ಬಳು ಹುಡುಗಿ ಬಾಗಿಲ ಹತ್ತಿರ ಕೂತು, ಎಡಗೈ ಉಪಯೋಗಿಸದೆ, ಬರೀ ಖಾಲಿ ತಂತಿಗಳನ್ನು ಮೀಟುತ್ತಾ ಏನೋ ಗುನುಗುತ್ತಿದ್ದಳು. ನಾನು ಹಾಜರಿ ಪುಸ್ತಕ ಬರೆಯುತ್ತಿದ್ದೆ. ಪೆನ್ನು ನಿಂತಿತು. ಅವಳು ಹಾಡುತ್ತಿದ್ದದ್ದು ಮೋಹನ ರಾಗದ ನೆರಳಿನ ಯಾವುದೋ ಪದ. ಎರಡನೇ ತಂತಿಯನ್ನು ಸ ಅಂತ ಇಟ್ಟುಕೊಂಡರೆ ನಾಲ್ಕು ಖಾಲಿ ತಂತಿ ಪ, ಸ, ಗ, ದ. ಮೋಹನಕ್ಕೆ ಬೇಕಾದದ್ದು ಸ ರಿ ಗ ಪ ದ. ಇಲ್ಲದೇ ಇರೋದು ರಿ ಒಂದೇ! ಅದು ಸ ತಂತಿಯ ಎರಡನೇ ಮನೆಯಲ್ಲಿದೆ. ಮೇಲಿನ ಸ ಬೇಕಾದರೆ ಕೊನೇ ತಂತಿಯ ಮೂರನೇ ಮನೆ. ಎರಡು ಮನೆ ಗೊತ್ತಾದರೆ ಮೋಹನದ ಆರೋಹಣ, ಅವರೋಹಣ ಎರಡೂ ಕೈಯಲ್ಲಿ.

ಇಷ್ಟು ದಿನ ಕಣ್ಣೆದುರೇ ಇತ್ತು. ನಾನು ಸರಳೆ ಹಿಡಿದುಕೊಂಡು ಕೂತಿದ್ದೆ.

ಮೋಹನದ ಗೀತೆ 'ವರವೀಣಾ' ಸಂಗೀತ ಕಲಿತವರಿಗೆಲ್ಲ ಗೊತ್ತು. ಗ ಗ ಪಾ ಪಾ, ದ ಪ ಸಾ ಸಾ. ಅದರ ಮೊದಲ ಎಂಟು ಸ್ವರದಲ್ಲಿ ಆರು ಖಾಲಿ ತಂತಿ. ಬೆರಳು ಇಡಬೇಕಾದದ್ದು ಕೊನೆಯ ಎರಡು ಸಾಗೆ ಮಾತ್ರ. ಮಾರನೇ ದಿನವೇ ಮಕ್ಕಳ ಕೈಲಿ ಆ ಸಾಲು ಬಂತು. ಮೃದುವಾದ ಕೈಯಲ್ಲಿ ವೀಣೆ ಹಿಡಿದವಳೇ ಅಂತ ಲಕ್ಷ್ಮಿಯನ್ನು ಕರೆಯುವ ಹಾಡನ್ನು ಪ್ಲೈವುಡ್ಡಿನ ಉಕುಲೇಲೆಯ ಮೇಲೆ, ಮಣ್ಣು ಮೆತ್ತಿದ ಉಗುರಿನಲ್ಲಿ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಆ ಮೇಲಿನ ಸ ಇದೆಯಲ್ಲ, ಅದೇ ಬೆರಳನ್ನು ಅಲ್ಲೇ ಇಟ್ಟು ನಾಲ್ಕೂ ತಂತಿಯನ್ನು ಒಟ್ಟಿಗೆ ಬಾರಿಸಿದರೆ ಗಿಟಾರಿನವರು ಹೇಳುವ ಸಿ ಕಾರ್ಡ್. ಸ, ಗ, ಪ ಮೂರೂ ಒಟ್ಟಿಗೆ. ಒಂದು ಬೆರಳಿಗೆ ಒಂದು ಕಾರ್ಡ್ ಅನ್ನೋದೇ ಈ ವಾದ್ಯದ ದೊಡ್ಡ ಉಪಕಾರ. ಬೆರಳನ್ನು ಮೊದಲ ತಂತಿಯ ಎರಡನೇ ಮನೆಗೆ ತಂದರೆ ಎ ಮೈನರ್, ಅದಕ್ಕೆ ಇನ್ನೊಂದು ಬೆರಳು ಸೇರಿಸಿದರೆ ಎಫ್. ಜಿ ಸೆವೆನ್‌ಗೆ ಮೂರು ಬೆರಳು ಬೇಕು, ತ್ರಿಕೋನದ ಹಾಗೆ. ಅದಕ್ಕೆ ಮಕ್ಕಳು 'ಒಲೆ' ಅಂತ ಹೆಸರಿಟ್ಟಿದ್ದಾರೆ, ಮೂರು ಕಲ್ಲಿನ ಒಲೆ. ಇಷ್ಟರಲ್ಲಿ ಕೋಲಾಟದ ಪದ, ಪ್ರಾರ್ಥನೆ ಎಲ್ಲ ನಡೆಯುತ್ತೆ.

ಆದರೆ ಕಾರ್ಡ್ ಬಂದ ವಾರ ಒಂದು ವಿಷಯ ಗಮನಿಸಿದೆ. ಹಾಡು ನಿಂತಿತ್ತು. ಎಲ್ಲರ ಕಣ್ಣೂ ಎಡಗೈ ಬೆರಳ ಮೇಲೆ, ಬಾಯಿ ಮುಚ್ಚಿದೆ. ಬಾಯಿ ಬಿಡಿಸೋಕೆ ತಂದ ವಾದ್ಯ ಬಾಯಿ ಮುಚ್ಚಿಸಿತಲ್ಲ ಅಂತ ಹೊಟ್ಟೆ ಉರಿಯಿತು. ಕೊನೆಗೆ ಕಾಪಾಡಿದ್ದು ನಮ್ಮ ಬಡತನ. ಮೂವತ್ತೊಂದು ಮಕ್ಕಳಿಗೆ ಹನ್ನೆರಡೇ ಉಕುಲೇಲೆ. ಹಾಗಾಗಿ ಹನ್ನೆರಡು ಜನ ನುಡಿಸೋದು, ಹತ್ತು ಜನ ಹಾಡೋದು, ಉಳಿದವರು ತೊಡೆ ಮೇಲೆ ತಾಳ. ಐದು ನಿಮಿಷಕ್ಕೆ ಅದಲು ಬದಲು. ಕೈಯಲ್ಲಿ ವಾದ್ಯ ಇಲ್ಲದವನು ಇರುವವನ ಬೆರಳನ್ನು ನೋಡಿ ನೋಡಿಯೇ ಅರ್ಧ ಕಲಿತಿರುತ್ತಾನೆ. ಹಾಡುವವರಿಗೆ ನುಡಿಸುವವರು ಕಾಯಬೇಕು, ಬೆರಳು ಸಿಗದೆ ನುಡಿಸುವವರು ತಡಮಾಡಿದರೆ ಹಾಡುವವರು ಸ್ವರ ಎಳೆದು ನಿಲ್ಲಿಸಿಕೊಂಡಿರಬೇಕು. ಕಳೆದ ವರ್ಷ ಒಬ್ಬರು ಪುಣ್ಯಾತ್ಮರು ಇನ್ನು ಇಪ್ಪತ್ತು ಕೊಡಿಸುತ್ತೇನೆ, ಎಲ್ಲರಿಗೂ ಒಂದೊಂದಾಗಲಿ ಅಂದರು. ಬೇಡ, ಬದಲಿಗೆ ತಂತಿ ಕೊಡಿಸಿ ಅಂದೆ. ಮನೆಯಲ್ಲಿ ಎಲ್ಲರೂ ನನಗೆ ತಲೆ ಕೆಟ್ಟಿದೆ ಅಂದರು. ಇರಬಹುದು. ಆದರೂ ಹನ್ನೆರಡೇ ಸರಿ ಅಂತ ನನ್ನ ಲೆಕ್ಕ.

ಕೊರತೆಯೂ ಹೇಳಬೇಕು. ಇದರಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿ ಎಳೆಯೋದು, ಇಲ್ಲ. ವೀಣೆಯಲ್ಲಿ ತಂತಿ ಎಳೆದು ಒಂದೇ ಮೆಟ್ಟಿಲಿನಲ್ಲಿ ಮೂರು ಸ್ವರ ತೆಗೆಯುತ್ತೇವೆ. ಇಲ್ಲಿ ನೈಲಾನ್ ತಂತಿ ಎಳೆದರೆ ಅರ್ಧ ಸ್ವರ ಕೊಂಕುತ್ತೆ ಅಷ್ಟೆ. ಸದ್ದೂ ಬೇಗ ಸತ್ತುಹೋಗುತ್ತೆ. ಇದರ ಮೇಲಿನ ಮೋಹನ ಕ್ಷೌರ ಮಾಡಿಸಿದ ತಲೆಯ ಹಾಗೆ, ಬೋಳು. ಗಮಕವನ್ನು ಗಂಟಲಲ್ಲೇ ಹಾಡಿಸುತ್ತೇನೆ. ನಮ್ಮ ವೀಣೆ ಮೇಷ್ಟ್ರು ಇದ್ದಿದ್ದರೆ ಬಯ್ಯುತ್ತಿದ್ದರು, ಅದೂ ನಿಜ. ಆದರೆ "ಇದು ನಮ್ಮ ವಾದ್ಯ ಅಲ್ಲ" ಅಂತ ಯಾರಾದರೂ ಅಂದರೆ ಮಾತ್ರ ಸಿಟ್ಟು ಬರುತ್ತೆ. ತಿ. ನರಸೀಪುರದ ಕಡೆಯ ಚೌಡಯ್ಯನವರು ಏಳು ತಂತಿ ಹಾಕಿಕೊಂಡು ಮೆರೆಸಿದ ಪಿಟೀಲು ಯಾವ ಊರಿಂದ ಬಂದದ್ದು?

ಶನಿವಾರ ಶನಿವಾರ ಇಬ್ಬರಿಗೆ ಮನೆಗೆ ಒಯ್ಯಲು ಕೊಡುತ್ತೇನೆ. ಮೊದಮೊದಲು ಹೆದರಿಕೆ ಇತ್ತು. ಅಚ್ಚರಿ ಏನಂದರೆ ಮನೆಗೆ ಹೋದದ್ದು ಒಂದೂ ಹಾಳಾಗಲಿಲ್ಲ, ಶಾಲೆಯಲ್ಲೇ ಇದ್ದದ್ದನ್ನು ಇಲಿ ತಿಂದಿತು. ಬಿಸಿಯೂಟದ ಅಕ್ಕಿ ಇಡುವ ರೂಮಿನ ಪಕ್ಕ ನಮ್ಮ ಬೀರು. ಮೂರನೇ ನಂಬರಿನ ಎರಡು ತಂತಿ ಸೊನ್ನೆ. ಗಣಪತಿಗೆ ಮೊದಲ ಪೂಜೆ ಮಾಡದ್ದಕ್ಕೆ ವಾಹನ ಕಳಿಸಿದ್ದಾನೆ ಅಂತ ಅಡುಗೆಯ ಅಕ್ಕ ಅಂದರು.

ಒಂದು ಸೋಮವಾರ ಒಬ್ಬಳು ಹುಡುಗಿ ಏಳನೇ ನಂಬರನ್ನು ವಾಪಸ್ ತಂದಾಗ ಜೊತೆಗೆ ಅವಳ ತಾತನೂ ಬಂದಿದ್ದರು. ಬಿಳಿ ಪಂಚೆ, ಕತ್ತಿನಲ್ಲಿ ರುದ್ರಾಕ್ಷಿ, ಬಗಲಲ್ಲಿ ಬಟ್ಟೆ ಸುತ್ತಿದ ತಂಬೂರಿ. ನೀಲಗಾರರ ದೀಕ್ಷೆ ಪಡೆದವರು. ಮಂಟೇಸ್ವಾಮಿ ಪದಗಳನ್ನು ರಾತ್ರಿಯಿಡೀ ಹಾಡುವವರು, ಒಂದು ಕೈಲಿ ತಂಬೂರಿ, ಇನ್ನೊಂದು ಕೈಲಿ ಗಗ್ಗರ. ಮಂಟೇಸ್ವಾಮಿ ಮಠ ಇರುವ ಬೊಪ್ಪೇಗೌಡನಪುರ ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ. ಆದರೂ ಅಂಥ ಹಾಡುಗಾರರೊಬ್ಬರು ನನ್ನ ವಿದ್ಯಾರ್ಥಿನಿಯ ಮನೆಯಲ್ಲೇ ಇದ್ದಾರೆ ಅಂತ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

"ಇದೇನ್ ಮೇಡಮ್ಮೋರೆ, ನಮ್ ತಂಬೂರಿ ಮರಿ ಹಾಕ್ದಂಗೈತೆ" ಅಂದರು.

ಕ್ಲಾಸೆಲ್ಲ ನಕ್ಕಿತು. ತಾತ ನಗಲಿಲ್ಲ. ಅವರದ್ದೊಂದು ತಕರಾರು ಇತ್ತು. "ನಮ್ದೂ ನಾಕೇ ತಂತಿ. ಮೊದ್ಲು ಪ, ಆಮೇಲೆ ಸ. ಇದ್ರಲ್ಲೂ ಅಂಗೇ ಐತೆ. ಆದ್ರೆ ಈ ಕೊನೆ ಎಲ್ಡು ಏನಕ್ಕೆ ಕೂಗ್ಕತ್ತಾವೆ?"

ಅವು ಗ ಮತ್ತು ದ, ಹಾಡಿನ ಸ್ವರ ನುಡಿಸೋಕೆ ಅಂತ ಹೇಳಿದೆ. "ಸ್ವರ ನೀ ನುಡಿ ಕಣವ್ವ, ಬಾಯಿಲ್ವಾ?" ಅಂತ ಕೇಳಿ, ನನ್ನ ಒಪ್ಪಿಗೆಗೂ ಕಾಯದೆ, ಬಿರಡೆ ಹಿಡಿದರು. ಗ ತಂತಿಯನ್ನು ಇಳಿಸಿ ಇಳಿಸಿ ಸಗೆ ತಂದರು. ದ ತಂತಿಯನ್ನು ಒಂದು ಸ್ವರ ಇಳಿಸಿ ಪಗೆ ನಿಲ್ಲಿಸಿದರು. ಪ ಸ ಸ ಪ. ಎದೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿಕೊಂಡು ಒಂದೇ ಬೆರಳಲ್ಲಿ ನಾಲ್ಕೂ ತಂತಿ ಸವರಿದರು. ಇನ್ನೊಂದು ಸಲ. ಆಮೇಲೆ ಹಾಡಿದರು.

ಆ ದನಿಯ ಬಗ್ಗೆ ಬರೆಯೋಕೆ ನನಗೆ ಬರಲ್ಲ. ಟ್ರಾಕ್ಟರ್ ಎಣಿಸುವವರು ಆ ದಿನ ಕಿಟಕಿ ಕಡೆ ನೋಡಲಿಲ್ಲ ಅಂತಷ್ಟೇ ಹೇಳಬಲ್ಲೆ.

ಏಳನೇ ನಂಬರಿನ ಬಿರಡೆ ನಿಲ್ಲಲ್ಲ ಅಂದಿದ್ದೆನಲ್ಲ. ಅದು ಆ ದ ತಂತಿಯದ್ದೇ. ತಾತ ಒಂದು ಸ್ವರ ಇಳಿಸಿ ಕೊಟ್ಟ ಮೇಲೆ ಎಳೆತ ಕಮ್ಮಿಯಾಗಿ ಅದು ಜಾರೋದು ನಿಲ್ಲಿಸಿತು. ನಾನು ಮತ್ತೆ ಮೇಲಕ್ಕೆ ಏರಿಸಲಿಲ್ಲ. ಈಗ ಅದು ನಮ್ಮ ಕ್ಲಾಸಿನ ತಂಬೂರಿ. ಶ್ರುತಿ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬಹಳ ದಿನ ಆಯಿತು. ಒಬ್ಬರು ಏಳನೇ ನಂಬರ್ ಹಿಡಿದು ಮಧ್ಯದಲ್ಲಿ ಕೂರುತ್ತಾರೆ, ಉಳಿದ ಹನ್ನೊಂದು ಅದಕ್ಕೆ ಹದ ಮಾಡಿಕೊಳ್ಳುತ್ತವೆ.

ಈ ಜೂನಿನಲ್ಲಿ ಬೀರು ತೆಗೆದಾಗ ಎಲ್ಲವೂ ಕೆಟ್ಟು ಕೂತಿದ್ದವು. ಬೇಸಿಗೆಯ ಸೆಕೆ, ಎರಡು ತಿಂಗಳ ರಜೆ. ಆಲೆಮನೆಯ ಹುಡುಗ ಐದನೇ ಕ್ಲಾಸು ಮುಗಿಸಿ ಆರಕ್ಕೆ ಹೋಗಿದ್ದಾನೆ, ಅವನ ಪೀರಿಯಡ್ಡು ಬೇರೆ. ಹೊಸ ನಾಲ್ಕನೇ ಕ್ಲಾಸಿನವರು ಹತ್ತೊಂಬತ್ತು ಜನ ಚಾಪೆ ಮೇಲೆ ಕೂತು ಬಿರಡೆಗಳನ್ನು ಎರ್ರಾಬಿರ್ರಿ ತಿರುಗಿಸುತ್ತಿದ್ದರು. ಒಂದು ತಂತಿ ಟಪ್ ಅಂತ ಹರಿಯಿತು. ಅಷ್ಟರಲ್ಲಿ ಬಾಗಿಲಲ್ಲಿ ಅವನ ತಲೆ ಕಂಡಿತು. ನೀರು ಕುಡಿಯೋಕೆ ಅಂತ ಹೇಳಿ ಬಂದಿದ್ದಾನೆ.

"ಅಂಗೆ ತಿರುಗಿಸ್ಬಾರ್ದು ಕಣೇ. ಒಂಚೂರು ತಿರುಗ್ಸು, ನಿಲ್ಸು, ಕೇಳು."

"ನೀನ್ಯಾರು ಹೇಳಕ್ಕೆ?" ಅಂದಳು ಹುಡುಗಿ. ಅವನು ಉತ್ತರ ಕೊಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಏಳನೇ ನಂಬರಿಗೆ ಕೈ ಹಾಕಿದ. ಅದನ್ನು ಹಿಡಿದಿದ್ದ ತಾತನ ಮೊಮ್ಮಗಳು ಬಿಡಲಿಲ್ಲ.

"ಇವತ್ ನಂದು ಸರದಿ. ನೀನ್ ಹೋಗು ನಿನ್ ಕ್ಲಾಸಿಗೆ."